ರೇಡಿಯೋದಲ್ಲಿ ಕೇಳಿದ ನಮ್ಮೂರಿನ ಹೆಸರು

1971ರ ಡಿಸೆಂಬರ್. ನನಗಾಗ ಹತ್ತು ವರ್ಷ. ಬೆಂಗಳೂರಿನ ಶ್ರೀರಾಂಪುರದ ನಮ್ಮ ಮನೆಯಲ್ಲಿ ಒಂದು ಮರ್ಫಿ ರೇಡಿಯೋ ಇತ್ತು. ಅದರ ಮೇಲೆ ಅಮ್ಮ ತಾನೇ ಕಸೂತಿ ಹಾಕಿದ ಒಂದು ಬಟ್ಟೆ ಹೊದಿಸಿರುತ್ತಿದ್ದಳು. ಪಾಕಿಸ್ತಾನದ ಜೊತೆ ಯುದ್ಧ ಶುರುವಾದ ಮೇಲೆ ಆ ಬಟ್ಟೆ ಮಡಿಸಿ ಒಳಗಿಟ್ಟಳು, ಏಕೆಂದರೆ ಬೆಳಗ್ಗೆಯಿಂದ ರಾತ್ರಿಯವರೆಗೂ ಯಾರಾದರೊಬ್ಬರು ರೇಡಿಯೋ ಹಚ್ಚುತ್ತಲೇ ಇದ್ದರು. ಪಕ್ಕದ ಮನೆಯವರೂ ನಮ್ಮ ಹಜಾರಕ್ಕೇ ಬಂದು ಕೂರುತ್ತಿದ್ದರು.

ಒಂದು ರಾತ್ರಿ ವಾರ್ತೆಯಲ್ಲಿ ವಿಶ್ವಸಂಸ್ಥೆಯ ಸುದ್ದಿ ಬಂತು. ಭದ್ರತಾ ಮಂಡಳಿಯಲ್ಲಿ ಪಾಕಿಸ್ತಾನದ ಪ್ರತಿನಿಧಿ ಆಗಾ ಶಾಹಿ ಮಾತನಾಡಿದರು ಅಂತ. ಅಪ್ಪ ದಂಡಿನ (ಕಂಟೋನ್ಮೆಂಟ್) ಕಡೆ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರು ಊಟದ ತಟ್ಟೆಯಿಂದ ತಲೆ ಎತ್ತದೆ, "ಇವರು ನಮ್ಮ ಬೆಂಗಳೂರಿನವರು ಕಣೋ" ಅಂದರು.

ನಾನು ನಂಬಲಿಲ್ಲ. ಶತ್ರು ದೇಶದ ಪರವಾಗಿ ಮಾತಾಡುವವರು ನಮ್ಮೂರಿನವರು ಹೇಗಾಗ್ತಾರೆ ಅಂತ ಕೇಳಿದೆ. "ಅಲಿ ಅಸ್ಕರ್ ರಸ್ತೆ ಗೊತ್ತಲ್ವಾ? ಆ ಮನೆತನ. ಹುಟ್ಟಿದ್ದು ಇಲ್ಲೇ" ಅಂದು ಅಪ್ಪ ಮಜ್ಜಿಗೆ ಕೇಳಿದರು. ಅಷ್ಟೇ ಮಾತು. ಆದರೆ ಅದು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಶಾಲೆಯಲ್ಲಿ ಗೆಳೆಯರಿಗೆ ಹೇಳಿದರೆ ಒಬ್ಬರೂ ಒಪ್ಪಲಿಲ್ಲ.

ಅಪ್ಪ ಹೇಳಿದ್ದು ನಿಜ. ಆಗಾ ಶಾಹಿ ಹುಟ್ಟಿದ್ದು ಬೆಂಗಳೂರಿನಲ್ಲಿ, 1920ರ ಆಗಸ್ಟ್ 25ರಂದು. ಅವರ ಅಣ್ಣ ಆಗಾ ಹಿಲಾಲಿ ಕೂಡ ಇಲ್ಲೇ, 1911ರಲ್ಲಿ. ಅಣ್ಣ ತಮ್ಮ ಇಬ್ಬರೂ ಪಾಕಿಸ್ತಾನದ ದೊಡ್ಡ ರಾಯಭಾರಿಗಳಾದರು. ತಮ್ಮ ಶಾಹಿ ವಿದೇಶಾಂಗ ಸಚಿವರೂ ಆದರು. ಇಷ್ಟು ವರ್ಷಗಳಲ್ಲಿ ಸಿಕ್ಕಿದಾಗಲೆಲ್ಲ ಇವರ ಬಗ್ಗೆ ಓದುತ್ತಾ ಬಂದಿದ್ದೇನೆ. ಇವರನ್ನು ಹೊಗಳಲೂ ಆಗದೆ, ಬೇರೆಯವರು ಅಂತ ದೂರ ಇಡಲೂ ಆಗದೆ ಒದ್ದಾಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮನೆತನದ ಕಥೆ. ಇದು ಕುದುರೆಗಳಿಂದ ಶುರುವಾಗುತ್ತದೆ. 1824ರ ಸುಮಾರಿಗೆ ಇರಾನಿನ ಶಿರಾಜ್ ಊರಿನಿಂದ ಆಗಾ ಅಲಿ ಅಸ್ಕರ್ ಎಂಬ ಹದಿನಾರು ವರ್ಷದ ಹುಡುಗ ತನ್ನ ಅಣ್ಣತಮ್ಮಂದಿರ ಜೊತೆ ಕುದುರೆ ಹೊಡೆದುಕೊಂಡು ಬೆಂಗಳೂರಿಗೆ ಬಂದ. ಇಲ್ಲಿ ಬ್ರಿಟಿಷರ ದಂಡು ಇತ್ತು, ಅವರಿಗೆ ಒಳ್ಳೆಯ ಕುದುರೆ ಬೇಕಿತ್ತು. ಮೈಸೂರು ಅರಮನೆಗೂ ಬೇಕಿತ್ತು. ವ್ಯಾಪಾರ ಕುದುರಿತು. ಕಮಿಷನರ್ ಮಾರ್ಕ್ ಕಬ್ಬನ್ ಜೊತೆ ಸ್ನೇಹವಾಯಿತು. ಆಮೇಲೆ ಅಲಿ ಅಸ್ಕರ್ ಕಟ್ಟಡ ಕಟ್ಟಿಸುವ ಕೆಲಸಕ್ಕೂ ಕೈ ಹಾಕಿದರು. ದಂಡಿನ ಎಷ್ಟೋ ಹಳೇ ಬಂಗಲೆಗಳ ಹಿಂದೆ ಅವರ ಹೆಸರಿದೆ.

ಈಗ ರಿಚ್ಮಂಡ್ ಟೌನ್‌ನಲ್ಲಿ ಜಾನ್ಸನ್ ಮಾರ್ಕೆಟ್ ಇದೆಯಲ್ಲ, ಆ ಜಾಗದಲ್ಲಿ ಅವರ ಕುದುರೆ ಲಾಯ ಇತ್ತು. ಹತ್ತಿರದಲ್ಲೇ ಮಸ್ಜಿದ್ ಎ ಅಸ್ಕರಿ. ಮೊಹರಂ ಬಂದರೆ ಆ ರಸ್ತೆಗಳಲ್ಲಿ ಕಪ್ಪು ಬಟ್ಟೆ ತೊಟ್ಟ ಶಿಯಾ ಜನರ ಮೆರವಣಿಗೆ ಈಗಲೂ ನಡೆಯುತ್ತದೆ. ನಾನು ಆ ಮಾರ್ಕೆಟ್ಟಿಗೆ ಹೋದಾಗಲೆಲ್ಲ ಸುಲೈಮಾನಿ ಚಹಾ ಕುಡಿಯುತ್ತಾ ಸುಮ್ನೆ ನಿಂತಿರುತ್ತೇನೆ. ಮೀನು ಕತ್ತರಿಸುವ ಸದ್ದು, ಆಟೋ ಹಾರನ್, ಸಂಜೆ ಕಬಾಬಿನ ಹೊಗೆ. ಇಲ್ಲೇ ಅರಬ್ಬೀ ಕುದುರೆಗಳು ಕಾಲು ಕೆರೆಯುತ್ತಾ ನಿಂತಿದ್ದವು ಅಂತ ನೆನೆದರೆ ಮೈ ಜುಮ್ಮೆನ್ನುತ್ತದೆ.

ಅಲಿ ಅಸ್ಕರ್ ಮೊಮ್ಮಗ ಯಾರು ಗೊತ್ತಾ? ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ಮೈಸೂರಿನ ದಿವಾನರು. ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆ ಓದಿದವರು. ಕನ್ನಂಬಾಡಿಯ ಬೃಂದಾವನ ನೋಡಿ ಬಂದ ಪ್ರತಿ ಕನ್ನಡಿಗನೂ ಅವರಿಗೆ ಋಣಿ. ಆಗಾ ಹಿಲಾಲಿ, ಆಗಾ ಶಾಹಿ ಇದೇ ಇರಾನಿ ಮನೆತನದ ಮುಂದಿನ ತಲೆಮಾರಿನವರು.

ಇಬ್ಬರೂ ಐಸಿಎಸ್, ಅಂದರೆ ಬ್ರಿಟಿಷರ ಕಾಲದ ದೊಡ್ಡ ಸರ್ಕಾರಿ ನೌಕರಿಯ ಪರೀಕ್ಷೆ, ಪಾಸಾದರು. ಹಿಲಾಲಿ 1936ರಲ್ಲಿ ಸೇರಿ ಬಂಗಾಳಕ್ಕೆ ಹೋದರು. ಶಾಹಿ 1943ರಲ್ಲಿ ಸೇರಿ ಸಿಂಧ್ ಕಡೆ ಕೆಲಸ ಮಾಡಿದರು. ಆಮೇಲೆ 1947 ಬಂತು.

ಆ ವರ್ಷದ ಒಂದು ಸಣ್ಣ ಸಂಗತಿ ನನ್ನನ್ನು ಯಾವಾಗಲೂ ಹಿಡಿದು ನಿಲ್ಲಿಸುತ್ತದೆ. ಸರ್ಕಾರಿ ನೌಕರರ ಕೈಗೆ ಒಂದು ಕಾಗದ ಕೊಟ್ಟರು. ನೀನು ಭಾರತದ ನೌಕರನಾಗಿ ಇರುತ್ತೀಯೋ, ಪಾಕಿಸ್ತಾನಕ್ಕೆ ಹೋಗುತ್ತೀಯೋ, ಬರೆದುಕೊಡು ಅಂತ. ಬೇಕಿದ್ದರೆ ತಾತ್ಕಾಲಿಕ ಅಂತಲೂ ಬರೆಯಬಹುದಿತ್ತು, ಆರು ತಿಂಗಳೊಳಗೆ ಮನಸ್ಸು ಬದಲಾಯಿಸಬಹುದಿತ್ತು. ಅಷ್ಟು ದೊಡ್ಡ ವಿಷಯ, ಅಷ್ಟು ಸಣ್ಣ ಕಾಗದ. ಮುಸ್ಲಿಂ ಐಸಿಎಸ್ ಅಧಿಕಾರಿಗಳಲ್ಲಿ ಬಹುಪಾಲು ಮಂದಿ ಪಾಕಿಸ್ತಾನ ಅಂತ ಬರೆದರು. ಈ ಅಣ್ಣತಮ್ಮಂದಿರೂ ಹಾಗೇ ಮಾಡಿದರು.

ಸರ್ ಮಿರ್ಜಾ ಇದಕ್ಕೆ ಉಲ್ಟಾ. ದೇಶ ಒಡೆಯುವುದನ್ನು ಅವರು ಬಾಯಿಬಿಟ್ಟು ವಿರೋಧಿಸಿದರು. ಇಲ್ಲೇ ಉಳಿದರು, 1959ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಒಂದೇ ರಕ್ತ, ಒಂದೇ ಊರು, ಎರಡು ತೀರ್ಮಾನ. ನನಗೆ ಸರ್ ಮಿರ್ಜಾ ಹತ್ತಿರದವರು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವರಿಗಾಗ ಅರವತ್ತು ದಾಟಿತ್ತು, ಮಾಡಬೇಕಾದ್ದೆಲ್ಲ ಮಾಡಿ ಆಗಿತ್ತು. ಶಾಹಿಗೆ ಇನ್ನೂ ಇಪ್ಪತ್ತೇಳು ತುಂಬಿರಲಿಲ್ಲ, ನೌಕರಿ ಸಿಂಧ್‌ನಲ್ಲಿ, ಆ ಸಿಂಧ್ ಪಾಕಿಸ್ತಾನಕ್ಕೆ ಹೋಗುತ್ತಿತ್ತು. ನಾನೇ ಆ ಜಾಗದಲ್ಲಿ ಕೂತು ಆ ಕಾಗದ ಹಿಡಿದಿದ್ದರೆ ಅಂತ ಯೋಚಿಸಿದಾಗ ಬೇಗ ಬೈಯುವುದಕ್ಕೆ ನಾಲಿಗೆ ಬರುವುದಿಲ್ಲ.

1951ರಲ್ಲಿ ಶಾಹಿ ಪಾಕಿಸ್ತಾನದ ವಿದೇಶಾಂಗ ಸೇವೆಗೆ ಸೇರಿದರು. ವಾಷಿಂಗ್ಟನ್, ನ್ಯೂಯಾರ್ಕ್, ಆಮೇಲೆ ಸ್ವದೇಶದ ಕಚೇರಿ. ಅರವತ್ತರ ದಶಕದಲ್ಲಿ ಪಾಕಿಸ್ತಾನ ಚೀನಾ ಕಡೆ ವಾಲಿತಲ್ಲ, ಆಗ ಒಳಗೆ ಕೂತು ಕೆಲಸ ಮಾಡಿದವರಲ್ಲಿ ಅವರೂ ಒಬ್ಬರು. ಅಮೆರಿಕದ ಮೇಲೇ ಪೂರ್ತಿ ಭಾರ ಹಾಕಬಾರದು ಎಂಬುದು ಅವರ ಗಟ್ಟಿ ನಂಬಿಕೆ. ಅದನ್ನು ಕೊನೆಯವರೆಗೂ ಬಿಡಲಿಲ್ಲ. 1967ರಲ್ಲಿ ವಿಶ್ವಸಂಸ್ಥೆಗೆ ಪಾಕಿಸ್ತಾನದ ಖಾಯಂ ಪ್ರತಿನಿಧಿಯಾದರು. ಅಣ್ಣ ಹಿಲಾಲಿ ಅಷ್ಟರೊಳಗೆ ದೆಹಲಿಯಲ್ಲಿ ಹೈಕಮಿಷನರ್ ಆಗಿದ್ದು, ಲಂಡನ್‌ನಲ್ಲೂ ಇದ್ದು, 1966ರಲ್ಲಿ ವಾಷಿಂಗ್ಟನ್‌ಗೆ ರಾಯಭಾರಿಯಾಗಿ ಹೋಗಿದ್ದರು.

ಹೀಗಾಗಿ 1971 ಬಂದಾಗ ಒಬ್ಬ ಬೆಂಗಳೂರಿಗ ವಾಷಿಂಗ್ಟನ್‌ನಲ್ಲಿ, ಇನ್ನೊಬ್ಬ ಬೆಂಗಳೂರಿಗ ನ್ಯೂಯಾರ್ಕಿನಲ್ಲಿ.

ಅಣ್ಣನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅಮೆರಿಕದ ಅಧ್ಯಕ್ಷ ನಿಕ್ಸನ್‌ಗೆ ಚೀನಾ ಜೊತೆ ಮಾತುಕತೆ ಬೇಕಿತ್ತು. ಇಪ್ಪತ್ತು ವರ್ಷದಿಂದ ಎರಡೂ ದೇಶಗಳ ನಡುವೆ ಸಂಬಂಧವೇ ಇರಲಿಲ್ಲ. ನಡುವೆ ನಿಂತವರು ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್. 1970ರ ನವೆಂಬರ್‌ನಲ್ಲಿ ಯಾಹ್ಯಾ ಬೀಜಿಂಗ್‌ಗೆ ಹೋಗಿ ನಿಕ್ಸನ್ ಮಾತು ಮುಟ್ಟಿಸಿದರು. ಡಿಸೆಂಬರ್ 9ರಂದು ಚೀನಾದ ಪ್ರಧಾನಿ ಚೌ ಎನ್‌ಲಾಯ್ ಅವರ ಉತ್ತರ ಹಿಡಿದುಕೊಂಡು ಹಿಲಾಲಿ ಶ್ವೇತಭವನದಲ್ಲಿ ನಿಕ್ಸನ್ ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಅವರ ಕೋಣೆಗೆ ಹೋದರು.

ಆ ಪತ್ರ ಕೈಬರಹದಲ್ಲಿತ್ತು. ಅದನ್ನು ಕಿಸಿಂಜರ್ ಕೈಗೆ ಕೊಟ್ಟು ಬರುವ ಹಾಗಿರಲಿಲ್ಲ. ಅದಕ್ಕೆ ಹಿಲಾಲಿ ನಿಧಾನವಾಗಿ ಓದಿದರು, ಕಿಸಿಂಜರ್ ಕೂತು ಬರೆದುಕೊಂಡರು. ನಮ್ಮ ಶಾಲೆಯಲ್ಲಿ ಮೇಷ್ಟ್ರು ಉಕ್ತಲೇಖನ ಕೊಡುತ್ತಿದ್ದರಲ್ಲ, ಹಾಗೆ! ಪ್ರಪಂಚದ ಅತಿ ಬಲಿಷ್ಠ ದೇಶದ ಭದ್ರತಾ ಸಲಹೆಗಾರರು ಬರೆದುಕೊಳ್ಳುತ್ತಿದ್ದಾರೆ, ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ಹಿರಿಯರು ಪದ ಪದ ಬಿಡಿಸಿ ಹೇಳುತ್ತಿದ್ದಾರೆ. ಪ್ರಸ್ತಾಪವೊಂದು ಮುಖ್ಯಸ್ಥರಿಂದ, ಮುಖ್ಯಸ್ಥರ ಮೂಲಕ, ಮುಖ್ಯಸ್ಥರಿಗೆ ಬಂದಿರುವುದು ಇದೇ ಮೊದಲು ಅಂತ ಚೌ ಅದರಲ್ಲಿ ಹೇಳಿದ್ದರು. ಅಮೆರಿಕದ ಉತ್ತರಗಳೂ ವಿಚಿತ್ರ. ಸರ್ಕಾರದ ಹೆಸರಿಲ್ಲದ, ಮುದ್ರೆಯಿಲ್ಲದ ಬರೀ ಬಿಳಿ ಹಾಳೆಯಲ್ಲಿ ಟೈಪು ಮಾಡಿ ಹಿಲಾಲಿ ಕೈಗೆ ಕೊಡುತ್ತಿದ್ದರು. ಸಿಕ್ಕಿಬಿದ್ದರೆ ಯಾರದ್ದು ಅಂತ ಗೊತ್ತಾಗಬಾರದು.

1971ರ ಏಪ್ರಿಲ್ 27ರಂದು ಹಿಲಾಲಿ ಮತ್ತೊಂದು ಸಂದೇಶ ತಂದರು. ಬೀಜಿಂಗ್‌ಗೆ ಬನ್ನಿ ಎಂಬ ಒಪ್ಪಿಗೆಯೂ ಜೂನ್ 2ರ ಹೊತ್ತಿಗೆ ಬಂತು. ಜುಲೈನಲ್ಲಿ ಕಿಸಿಂಜರ್ ಇಸ್ಲಾಮಾಬಾದ್‌ಗೆ ಬಂದು, ಹೊಟ್ಟೆ ಕೆಟ್ಟಿದೆ, ಬೆಟ್ಟದೂರಲ್ಲಿ ಸುಧಾರಿಸಿಕೊಳ್ಳುತ್ತಿದ್ದಾರೆ ಎಂದು ಸುದ್ದಿ ಹಬ್ಬಿಸಿ, ಜುಲೈ 9ರ ಬೆಳಗಿನ ಜಾವ ಪಾಕಿಸ್ತಾನದ ವಿಮಾನದಲ್ಲಿ ಬೀಜಿಂಗ್‌ಗೆ ಹಾರಿದರು. ವೃತ್ತಿಯ ಲೆಕ್ಕದಲ್ಲಿ ನೋಡಿದರೆ ಹಿಲಾಲಿ ಮಾಡಿದ್ದು ಅಪರೂಪದ ಕೆಲಸ. ಅಷ್ಟು ತಿಂಗಳು ಒಂದು ಪಿಸುಮಾತೂ ಹೊರಗೆ ಬರಲಿಲ್ಲ.

ಆದರೆ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಾರ್ಚ್ 25ರ ರಾತ್ರಿ ಪೂರ್ವ ಪಾಕಿಸ್ತಾನದ (ಈಗಿನ ಬಾಂಗ್ಲಾದೇಶದ) ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ತನ್ನದೇ ಜನರ ಮೇಲೆ ಬಿದ್ದಿತ್ತು. ಏಪ್ರಿಲ್ 6ರಂದು ಢಾಕಾದ ಅಮೆರಿಕನ್ ಅಧಿಕಾರಿ ಆರ್ಚರ್ ಬ್ಲಡ್, ನಮ್ಮ ಸರ್ಕಾರ ಕಣ್ಣು ಮುಚ್ಚಿ ಕೂತಿದೆ ಅಂತ ಸಿಟ್ಟಿನಿಂದ ತಂತಿ ಕಳಿಸಿದ್ದರು. ನಿಕ್ಸನ್ ಬಾಯಿ ಬಿಡಲಿಲ್ಲ. ಚೀನಾಕ್ಕೆ ಹೋಗುವ ದಾರಿ ಯಾಹ್ಯಾ ಮನೆಯ ಮೂಲಕ ಇತ್ತು. ಬಂಗಾಳದ ಜನರ ಜೀವದ ಮೇಲೆ ಆ ದಾರಿ ಹಾಕಿದ್ದು ಅಂತಲೇ ನನಗೆ ಅನ್ನಿಸುತ್ತದೆ. ಹಿಲಾಲಿಯವರ ನೌಕರಿ ಶುರುವಾಗಿದ್ದೇ ಬಂಗಾಳದಲ್ಲಿ. ಆ ನದಿ, ಆ ಜನ, ಆ ಭಾಷೆ ಕಣ್ಣಾರೆ ಕಂಡವರು ಅವರು. ಇದನ್ನು ಬರೆಯುವಾಗ ಹೊಟ್ಟೆಯಲ್ಲಿ ಏನೋ ತೊಳೆಸಿದ ಹಾಗಾಗುತ್ತದೆ.

ಡಿಸೆಂಬರ್‌ನಲ್ಲಿ ತಮ್ಮನ ಸರದಿ. ಡಿಸೆಂಬರ್ 4ರಂದು ಭದ್ರತಾ ಮಂಡಳಿ ಸೇರಿತು. ಕದನವಿರಾಮ ಬೇಕು ಎಂಬ ಅಮೆರಿಕದ ನಿರ್ಣಯಕ್ಕೆ 11 ಮತ ಬಿತ್ತು. ಸೋವಿಯತ್ ಒಕ್ಕೂಟ ಮತ್ತು ಪೋಲೆಂಡ್ ಬೇಡ ಎಂದವು. ಬ್ರಿಟನ್, ಫ್ರಾನ್ಸ್ ಮತ ಹಾಕಲಿಲ್ಲ. ಸೋವಿಯತ್ ವೀಟೋದಿಂದ ನಿರ್ಣಯ ಬಿತ್ತು. ವಿಷಯ ಮಹಾಸಭೆಗೆ ಹೋಯಿತು. ಡಿಸೆಂಬರ್ 7ರಂದು ಅಲ್ಲಿ 104 ದೇಶಗಳು ಕದನವಿರಾಮದ ಪರ, 11 ವಿರುದ್ಧ. ಇದು ನಮ್ಮ ಮನೆ ರೇಡಿಯೋದಲ್ಲಿ ಬಂದಾಗ ಹಜಾರದಲ್ಲಿ ಕೂತವರೆಲ್ಲ ಸಪ್ಪಗಾಗಿದ್ದು ನನಗೆ ಚೆನ್ನಾಗಿ ನೆನಪಿದೆ. ಇಡೀ ಪ್ರಪಂಚ ನಮ್ಮ ವಿರುದ್ಧ ಯಾಕಿದೆ ಅಂತ ಅಮ್ಮ ಕೇಳಿದಳು. ಯಾರೂ ಉತ್ತರ ಹೇಳಲಿಲ್ಲ.

ಆ ಉತ್ತರದ ಒಂದು ಭಾಗ ಆಗಾ ಶಾಹಿ. ದೊಡ್ಡ ದೇಶ ತನ್ನ ಪಕ್ಕದ ದೇಶದೊಳಗೆ ಸೈನ್ಯ ನುಗ್ಗಿಸಿ ಅದನ್ನು ಒಡೆದರೆ ನಾಳೆ ಯಾವ ಸಣ್ಣ ದೇಶಕ್ಕೆ ಉಳಿಗಾಲ ಅಂತ ಅವರು ವಾದ ಕಟ್ಟಿದರು. ಹೊಸದಾಗಿ ಸ್ವತಂತ್ರವಾದ ದೇಶಗಳಿಗೆಲ್ಲ ಆ ಭಯ ಇತ್ತು. ಅದು ಕೆಲಸ ಮಾಡಿತು. ಎದುರಿಗೆ ಭಾರತದ ಪ್ರತಿನಿಧಿ ಸಮರ್ ಸೇನ್. ಅವರೂ ಹಳೇ ಐಸಿಎಸ್. ಒಂದೇ ಗರಡಿಯಲ್ಲಿ ಪಳಗಿದ ಇಬ್ಬರು ಎರಡು ಧ್ವಜ ಇಟ್ಟುಕೊಂಡು ಒಂದೇ ಬಗೆಯ ಇಂಗ್ಲಿಷಿನಲ್ಲಿ ಜಗಳ ಆಡುತ್ತಿದ್ದರು.

ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ನಮ್ಮ ಕಡೆ ಬಂದಿದ್ದರು. ಅದರ ಬಗ್ಗೆ ಶಾಹಿ ಹೇಳಿದ್ದು, ಅದು ನಮ್ಮ ಮನೆಯೊಳಗಿನ ವಿಷಯ ಎಂಬ ಧಾಟಿಯಲ್ಲೇ ಇತ್ತು. ಬಾಂಗ್ಲಾದೇಶದ ಪ್ರತಿನಿಧಿಗೆ ಮಂಡಳಿಯಲ್ಲಿ ಮಾತಾಡಲು ಬಿಡಿ ಎಂದಾಗಲೂ ಅವರು ಬಲವಾಗಿ ವಿರೋಧಿಸಿದರು. ಇದು ನನಗೆ ಅರಗುವುದಿಲ್ಲ. ರಾಯಭಾರಿಯ ಬಾಯಿ ಅವನದ್ದಲ್ಲ, ದೇಶದ್ದು ಅಂತಾರೆ. ಇರಬಹುದು. ಆದರೂ ಸತ್ತವರು ಇಷ್ಟು ಜನ ಇರುವಾಗ, ಉಳಿದವರು ಒಂದು ಮಾತು ಹೇಳ್ತೀವಿ ಅಂದರೆ ಅದನ್ನೂ ಬೇಡ ಅನ್ನುವುದು ದೊಡ್ಡ ತಪ್ಪು. ಅವರ ಜಾಣತನ ಜಾಸ್ತಿ ಇದ್ದಷ್ಟೂ ತಪ್ಪು ಜಾಸ್ತಿ ಅಂತಲೇ ನನ್ನ ಲೆಕ್ಕ.

ಡಿಸೆಂಬರ್ 15ರಂದು ಪಾಕಿಸ್ತಾನದ ವಿದೇಶಾಂಗ ಸಚಿವ ಝುಲ್ಫಿಕರ್ ಅಲಿ ಭುಟ್ಟೋ ಮಂಡಳಿಯಲ್ಲಿ ಕಾಗದಗಳನ್ನು ಹರಿದು ಎದ್ದು ನಡೆದರು. ಅದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅದಕ್ಕೆ ಮುಂಚೆ ಹತ್ತು ಹನ್ನೆರಡು ದಿನ ಆ ಕುರ್ಚಿಯಲ್ಲಿ ಕೂತು ಸೋಲುತ್ತಿದ್ದ ದೇಶದ ಪರ ಸಾಲು ಸಾಲು ವಾದ ಮಾಡಿದವರನ್ನು ಯಾರೂ ನೆನೆಯುವುದಿಲ್ಲ. ಮರುದಿನ ಢಾಕಾದ ರೇಸ್‌ಕೋರ್ಸ್ ಮೈದಾನದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ನಮ್ಮ ಬೀದಿಯಲ್ಲಿ ಬೆಲ್ಲ ಹಂಚಿದರು.

ಆಮೇಲೆ ಶಾಹಿ ಚೀನಾಕ್ಕೆ ರಾಯಭಾರಿಯಾಗಿ ಹೋಗಿ ಬಂದು, 1973ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾದರು. ಅದು ಪಾಕಿಸ್ತಾನದಲ್ಲಿ ಭುಟ್ಟೋ ಆಡಳಿತದ ಕಾಲ. 1977ರಲ್ಲಿ ಸೇನಾ ಮುಖ್ಯಸ್ಥ ಜನರಲ್ ಜಿಯಾ ಭುಟ್ಟೋ ಅವರನ್ನು ಕೆಳಗಿಳಿಸಿದರು. 1979ರ ಏಪ್ರಿಲ್ 4ರಂದು ಭುಟ್ಟೋ ಅವರನ್ನು ಗಲ್ಲಿಗೇರಿಸಿದರು. ಶಾಹಿ ಜಿಯಾ ಸರ್ಕಾರದಲ್ಲಿ ವಿದೇಶಾಂಗದ ಹೊಣೆ ಹೊತ್ತು ಮುಂದುವರಿದರು. ಹತ್ತಿರದಲ್ಲಿದ್ದು ಕೆಲಸ ಮಾಡಿದ ಯಜಮಾನನನ್ನು ನೇಣು ಹಾಕಿದವನ ಮೇಜಿನ ಎದುರು ಕೂತು ಮರುದಿನದ ಕಡತ ನೋಡುವುದು ಅಂದರೆ ಸುಲಭವಾ? ಸರ್ಕಾರಿ ಕೆಲಸದಲ್ಲಿ ಜೀವನ ಕಳೆದ ನನ್ನ ಅಪ್ಪನಿಗೆ ಒಮ್ಮೆ ಇದನ್ನು ಕೇಳಿದ್ದೆ. "ಕುರ್ಚಿ ಬದಲಾಗುತ್ತೆ, ಕಡತ ಬದಲಾಗಲ್ಲ" ಅಂದಿದ್ದರು. ಅಪ್ಪನ ಆ ಮಾತು ನನಗೆ ಆವತ್ತೂ ಒಪ್ಪಿಗೆಯಾಗಲಿಲ್ಲ, ಇವತ್ತೂ ಇಲ್ಲ.

ಶಾಹಿಯವರ ಬಗ್ಗೆ ನನಗೆ ನಿಜವಾದ ಗೌರವ ಹುಟ್ಟಿದ್ದು ಮುಂದಿನ ಮೂರು ವರ್ಷಗಳ ಕಥೆ ಓದಿ. 1979ರ ಡಿಸೆಂಬರ್ ಕೊನೆಗೆ ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಒಂದೇ ತಿಂಗಳಲ್ಲಿ, 1980ರ ಜನವರಿಯಲ್ಲಿ, ಮುಸ್ಲಿಂ ದೇಶಗಳ ವಿದೇಶಾಂಗ ಸಚಿವರು ಇಸ್ಲಾಮಾಬಾದ್‌ನಲ್ಲಿ ಸೇರಿ ಅದನ್ನು ಖಂಡಿಸಿದರು. ಅದರ ಹಿಂದೆ ಶಾಹಿ ಓಡಾಟ ಇತ್ತು. ಅಮೆರಿಕದ ಅಧ್ಯಕ್ಷ ಕಾರ್ಟರ್ ಎರಡು ವರ್ಷಕ್ಕೆ 40 ಕೋಟಿ ಡಾಲರ್ ಕೊಡುತ್ತೇವೆ ಅಂದರು. ಜಿಯಾ ಅದನ್ನು ಕಡಲೆಕಾಯಿ ಅಂತ ಕರೆದು ತಳ್ಳಿಹಾಕಿದರು. ಕಾರ್ಟರ್ ಕಡಲೆಕಾಯಿ ಬೆಳೆಗಾರರಾಗಿದ್ದವರು, ಹಾಗಾಗಿ ಆ ಮಾತು ಪ್ರಪಂಚವೆಲ್ಲ ಸುತ್ತಿತು.

1981ರಲ್ಲಿ ರೇಗನ್ ಸರ್ಕಾರ ಬಂತು. ಮೊತ್ತ 320 ಕೋಟಿ ಡಾಲರ್‌ಗೆ ಏರಿತು, ಜೊತೆಗೆ 40 ಎಫ್-16 ವಿಮಾನಗಳ ಮಾರಾಟ. ಇಲ್ಲಿ ಶಾಹಿ ಮಾಡಿದ್ದು ಗಮನಿಸಬೇಕು. ಪಾಕಿಸ್ತಾನ 1979ರಲ್ಲಷ್ಟೇ ಯಾವ ಬಣಕ್ಕೂ ಸೇರದ ಅಲಿಪ್ತ ದೇಶಗಳ ಕೂಟಕ್ಕೆ ಸೇರಿತ್ತು. ಅಮೆರಿಕಕ್ಕೆ ನೆಲೆ ಕೊಡುವುದಿಲ್ಲ, ಬಾಲ ಹಿಡಿಯುವುದಿಲ್ಲ ಎಂಬುದನ್ನು ತೋರಿಸಬೇಕು ಅಂತ ಅವರು ಹಟ ಹಿಡಿದರು. ಅದಕ್ಕಾಗಿ ಶಸ್ತ್ರಾಸ್ತ್ರದ ಸಾಲಕ್ಕೆ ರಿಯಾಯಿತಿ ಬಡ್ಡಿ ಬೇಡ, ಮಾರುಕಟ್ಟೆ ಬಡ್ಡಿಯನ್ನೇ ಕಟ್ಟುತ್ತೇವೆ ಅಂದರು. ಬಡ ದೇಶವೊಂದು ಜಾಸ್ತಿ ಬಡ್ಡಿ ಕೊಡುತ್ತೇನೆ ಅನ್ನುವುದು ಸಾಮಾನ್ಯದ ಮಾತಾ? ಪುಕ್ಕಟೆ ಊಟಕ್ಕೆ ಋಣ ಬೀಳುತ್ತದೆ ಅಂತ ಅವರಿಗೆ ಗೊತ್ತಿತ್ತು. ಜಿಯಾಗೆ ಆ ಎಚ್ಚರ ಅಷ್ಟಿರಲಿಲ್ಲ. ಆ ಯುದ್ಧದಿಂದ ಪಾಕಿಸ್ತಾನಕ್ಕೆ ಬಂದೂಕು, ಅಫೀಮು, ಜಿಹಾದಿ ಪಡೆಗಳು ಹೇಗೆ ಒಳಗೆ ಬಂದವು ಅಂತ ಆಮೇಲೆ ಎಲ್ಲರೂ ನೋಡಿದರು. ಶಾಹಿ ಮಾತು ನಡೆದಿದ್ದರೆ ಅಷ್ಟು ಕೆಡುತ್ತಿರಲಿಲ್ಲವೇನೋ ಅಂತ ನನಗೆ ಬಹಳ ಸಲ ಅನ್ನಿಸಿದೆ.

ಅದೇ 1981ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನ ಭಾರತಕ್ಕೆ ಯುದ್ಧ ಮಾಡದಿರುವ ಒಪ್ಪಂದ ಮಾಡಿಕೊಳ್ಳೋಣ ಅಂದಿತು. ಇಂದಿರಾ ಗಾಂಧಿ ಸರ್ಕಾರಕ್ಕೆ ಅನುಮಾನ. ಒಂದು ಕಡೆ ಎಫ್-16 ಕೊಳ್ಳುತ್ತಾರೆ, ಇನ್ನೊಂದು ಕಡೆ ಶಾಂತಿ ಅನ್ನುತ್ತಾರೆ ಅಂತ. ಆ ಅನುಮಾನದಲ್ಲಿ ತಪ್ಪೇನಿರಲಿಲ್ಲ. ಆದರೂ 1982ರ ಜನವರಿ ಕೊನೆಗೆ ಶಾಹಿ ದೆಹಲಿಗೆ ಬಂದರು. ನಮ್ಮ ವಿದೇಶಾಂಗ ಸಚಿವರು ಆಗ ಪಿ.ವಿ. ನರಸಿಂಹರಾವ್. ಅವರು ತೆಲಂಗಾಣದವರು, ಇವರು ಬೆಂಗಳೂರಿನಲ್ಲಿ ಹುಟ್ಟಿದವರು. ಉತ್ತರದ ಗಡಿಯ ಜಗಳ ಬಗೆಹರಿಸಲು ದಕ್ಷಿಣದ ಇಬ್ಬರು ಎದುರುಬದುರು ಕೂತಿದ್ದರು. ಮಾತು ಒಳ್ಳೆಯ ರೀತಿಯಲ್ಲೇ ನಡೆಯಿತು. ಆಗ ನಾನು ಕಾಲೇಜಿನಲ್ಲಿದ್ದೆ. ಪತ್ರಿಕೆಯಲ್ಲಿ ಅವರ ಫೋಟೋ ನೋಡಿ ಕತ್ತರಿಸಿ ಇಟ್ಟುಕೊಂಡೆ. ಬಿಳಿ ಕೂದಲು, ಗಂಭೀರ ಮುಖ. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿ, "ಥೇಟ್ ಆ ಮನೆತನದ ಮುಖ" ಅಂದರು.

ಅದಾಗಿ ಕೆಲವೇ ವಾರಗಳಲ್ಲಿ ಶಾಹಿ ಸಚಿವ ಸ್ಥಾನ ಬಿಟ್ಟರು. ಅವರ ಜಾಗಕ್ಕೆ ಸಾಹಿಬ್‌ಜಾದಾ ಯಾಕೂಬ್ ಖಾನ್ ಬಂದರು. ಜಿಯಾ ಅಮೆರಿಕದ ಕಡೆ ವಾಲಿದ್ದು ಶಾಹಿಗೆ ಸರಿಬರಲಿಲ್ಲ. ನಾನಂತೂ ಆವತ್ತು ಬೇಜಾರು ಪಟ್ಟೆ. ನಮ್ಮ ಜೊತೆ ಮಾತಾಡಬಲ್ಲ ಒಬ್ಬರು ಹೊರಗೆ ಹೋದರು ಅಂತ.

ನಿವೃತ್ತಿಯ ನಂತರವೂ ಸುಮ್ಮನೆ ಕೂರಲಿಲ್ಲ. ಜನಾಂಗಭೇದ ನಿವಾರಣೆಗಾಗಿ ಇರುವ ವಿಶ್ವಸಂಸ್ಥೆಯ ಸಮಿತಿಯಲ್ಲಿ ಹಲವು ವರ್ಷ ದುಡಿದರು. ಪತ್ರಿಕೆಗಳಿಗೆ ಬರೆದರು. 1999ರ ಅಕ್ಟೋಬರ್‌ನಲ್ಲಿ, ಕಾರ್ಗಿಲ್ ಯುದ್ಧ ಮುಗಿದು ಮೂರು ತಿಂಗಳೂ ಆಗಿರಲಿಲ್ಲ, ಅಬ್ದುಲ್ ಸತ್ತಾರ್ ಮತ್ತು ಝುಲ್ಫಿಕರ್ ಅಲಿ ಖಾನ್ ಅವರ ಜೊತೆ ಸೇರಿ ಅಣುಬಾಂಬಿನ ಬಗ್ಗೆ ಒಂದು ಲೇಖನ ಬರೆದರು. ಒಬ್ಬರು ಹಳೇ ವಿದೇಶಾಂಗ ಕಾರ್ಯದರ್ಶಿ, ಇನ್ನೊಬ್ಬರು ಹಳೇ ವಾಯುಸೇನಾ ಮುಖ್ಯಸ್ಥರು. ಭಾರತದ ಸಮಕ್ಕೆ ಬಾಂಬು ಗುಡ್ಡೆ ಹಾಕುವುದು ಬೇಡ, ಕನಿಷ್ಠ ಇದ್ದರೆ ಸಾಕು ಎಂಬುದು ಅದರ ತಿರುಳು. ಬಾಂಬು ಬೇಡವೇ ಬೇಡ ಅಂತ ಅವರು ಯಾವತ್ತೂ ಹೇಳಲಿಲ್ಲ. ಆ ಬಾಂಬಿನ ಪರವಾಗಿ ಎಪ್ಪತ್ತರ ದಶಕದಿಂದಲೂ ಅಮೆರಿಕದ ಎದುರು ವಾದ ಮಾಡಿದವರೇ ಅವರು. ಆ ಬಾಂಬುಗಳ ಗುರಿಯಲ್ಲಿ ನಮ್ಮ ಊರುಗಳೂ ಇವೆಯಲ್ಲ, ಅದನ್ನು ಓದಿ ನನಗೆ ನೆಮ್ಮದಿ ಆಗಲಿಲ್ಲ.

ಹಿಲಾಲಿ 2001ರಲ್ಲಿ ತೀರಿಕೊಂಡರು. ಅವರ ಮಗ ಜಾಫರ್ ಹಿಲಾಲಿ ಕೂಡ ರಾಯಭಾರಿಯಾಗಿದ್ದವರು. ಶಾಹಿ 2006ರ ಸೆಪ್ಟೆಂಬರ್ 6ರಂದು ಇಸ್ಲಾಮಾಬಾದ್‌ನಲ್ಲಿ ಹೃದಯಾಘಾತದಿಂದ ಹೋದರು. ಎಂಬತ್ತಾರು ವರ್ಷ. ಅಪ್ಪ ಅಷ್ಟರೊಳಗೆ ಇರಲಿಲ್ಲ. ಇದ್ದಿದ್ದರೆ ಆವತ್ತು ಫೋನು ಮಾಡಿ ಹೇಳುತ್ತಿದ್ದೆ.

ಹೋದ ತಿಂಗಳು ಇನ್‌ಫೆಂಟ್ರಿ ರಸ್ತೆ ಕಡೆ ಕೆಲಸವಿತ್ತು. ಮುಗಿಸಿಕೊಂಡು ಅಲಿ ಅಸ್ಕರ್ ರಸ್ತೆಯಲ್ಲಿ ನಡೆದು ಬಂದೆ. ಮಧ್ಯಾಹ್ನ ಮೂರು ಗಂಟೆ, ಮಳೆ ಬಂದು ನಿಂತಿತ್ತು. ಫಲಕದ ಕೆಳಗೆ ಒಬ್ಬ ಹುಡುಗ ಊಟ ತಲುಪಿಸುವ ಚೀಲ ಬೆನ್ನಿಗೆ ಹಾಕಿಕೊಂಡು, ಫೋನ್ ನೋಡುತ್ತಾ, ಬೈಕಿನ ಮೇಲೆ ಕೂತಿದ್ದ. "ಸಾರ್, ಇದೇನಾ ಅಲಿ ಅಸ್ಕರ್ ರೋಡು?" ಅಂತ ಕೇಳಿದ. ಹೌದಪ್ಪ ಅಂದೆ. "ಯಾರು ಸಾರ್ ಅವರು?" ಅಂದ. ಕುದುರೆ ವ್ಯಾಪಾರಿ, ಇರಾನಿನಿಂದ ಬಂದಿದ್ದರು ಅಂತ ಶುರು ಮಾಡಿದೆ. ಮಿರ್ಜಾ ಇಸ್ಮಾಯಿಲ್ ಅವರವರೆಗೆ ಬರುವಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. "ಸಾರ್ ಆರ್ಡರ್, ಇನ್ನೊಂದ್ಸಲ ಸಿಕ್ಕಿದಾಗ ಹೇಳಿ" ಅಂದು ಬೈಕು ಒದ್ದು ಹೊರಟ. ನಾನು ಅಲ್ಲೇ ನಿಂತಿದ್ದೆ. ಹೇಳುವುದು ಇನ್ನೂ ಅರ್ಧ ಬಾಕಿ ಇತ್ತು.